ಕಾರ್ಡ್‌ಲೆಸ್ ಫೋನ್ ಐದೇ ನಿಮಿಷಕ್ಕೆ ಆಫ್ ಆಗುತ್ತಿದೆಯೇ? ಬ್ಯಾಟರಿ ಬದಲಿಸುವ, ಚಾರ್ಜ್ ಮಾಡುವ ಸರಿಯಾದ ಕ್ರಮ ಇಲ್ಲಿದೆ

ಕೈಗೊಂದು ಮೊಬೈಲ್ ಬಂದ ಮೇಲೂ ಅನೇಕ ಮನೆಗಳಲ್ಲಿ ಲ್ಯಾಂಡ್‌ಲೈನ್ ಉಳಿದಿದೆ. ಕೆಲವರಿಗೆ ಅದು ಬ್ರಾಡ್‌ಬ್ಯಾಂಡ್ ಜೊತೆ ಬಂದ ನಂಬರ್. ಇನ್ನು ಕೆಲವರ ಮನೆಯಲ್ಲಿ ಟಚ್‌ಸ್ಕ್ರೀನ್ ಒಗ್ಗದ ಹಿರಿಯರಿಗೆ ಗುಂಡಿ ಒತ್ತಿ ಮಾತಾಡುವ ಆ ಕಾರ್ಡ್‌ಲೆಸ್ ಹ್ಯಾಂಡ್‌ಸೆಟ್ಟೇ ಆಧಾರ. ಒಂದು ದಿನ ಅದು ಕೈಕೊಡಲು ಶುರುವಾಗುತ್ತದೆ. ರಾತ್ರಿಯಿಡೀ ಸ್ಟ್ಯಾಂಡ್‌ನಲ್ಲಿ ಇಟ್ಟಿದ್ದರೂ ಬೆಳಗ್ಗೆ ನಾಲ್ಕು ಮಾತಾಡುವಷ್ಟರಲ್ಲಿ ಬೀಪ್ ಬೀಪ್ ಎಂದು ಕಟ್ ಆಗುತ್ತದೆ.

ಆಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದು, ಫೋನ್ ಹಾಳಾಯಿತೆಂದು ಗುಜರಿಗೆ ಹಾಕುವುದು. ಎರಡು, ಟಿವಿ ರಿಮೋಟ್‌ನ ಸೆಲ್ ತೆಗೆದು ಇದಕ್ಕೆ ಹಾಕುವುದು. ಮೊದಲನೆಯದು ದುಡ್ಡು ದಂಡ, ಎರಡನೆಯದು ಅಪಾಯ. ನಿಜವಾಗಿ ಹಾಳಾಗಿರುವುದು ಬಹುಪಾಲು ಸಂದರ್ಭಗಳಲ್ಲಿ ಬ್ಯಾಟರಿ ಮಾತ್ರ. ಸರಿಯಾದ ಬ್ಯಾಟರಿ ಹಾಕಿ, ಮೊದಲ ಸಲ ಪೂರ್ತಿ ಚಾರ್ಜ್ ಮಾಡಿದರೆ ಅದೇ ಫೋನ್ ಮತ್ತೆ ಕೆಲವು ವರ್ಷ ನಡೆಯುತ್ತದೆ. ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ. ಆದರೆ ಬ್ಯಾಟರಿಯ ಮೇಲೆ ಬರೆದಿರುವ ಮೂರು ವಿಷಯಗಳನ್ನು ಓದಲು ಗೊತ್ತಿರಬೇಕು.

ಹಾಳಾಗಿರುವುದು ಬ್ಯಾಟರಿಯೋ, ಫೋನೋ?

ಹೊಸ ಬ್ಯಾಟರಿ ತರುವ ಮುನ್ನ ಐದು ನಿಮಿಷದ ಪರೀಕ್ಷೆ ಮಾಡಿ.

ಹ್ಯಾಂಡ್‌ಸೆಟ್‌ನ ತಳದಲ್ಲಿ ಮತ್ತು ಅದನ್ನು ಇಡುವ ಬೇಸ್‌ನಲ್ಲಿ ಸಣ್ಣ ಲೋಹದ ಪಟ್ಟಿಗಳಿರುತ್ತವೆ. ಕರೆಂಟ್ ಹರಿಯುವುದು ಇವುಗಳ ಮೂಲಕವೇ. ಕೈಬೆವರು, ಧೂಳು, ಅಡುಗೆಮನೆಯ ಜಿಡ್ಡು ಕೂತು ಇವುಗಳ ಮೇಲೆ ಪದರ ಕಟ್ಟುತ್ತದೆ. ಮುಂಬೈ, ಚೆನ್ನೈನಂತಹ ಕಡಲ ತೀರದ ಊರುಗಳ ತೇವದ ಗಾಳಿಗೆ ಲೋಹ ಇನ್ನೂ ಬೇಗ ಮಂಕಾಗುತ್ತದೆ. ಫೋನ್ ಸ್ಟ್ಯಾಂಡ್‌ನಲ್ಲಿ ಕೂತಿದ್ದರೂ ಚಾರ್ಜ್ ಆಗದಿರಲು ಇದೇ ಸಾಮಾನ್ಯ ಕಾರಣ. ಬೇಸ್‌ನ ಅಡಾಪ್ಟರನ್ನು ಪ್ಲಗ್‌ನಿಂದ ತೆಗೆದು, ಒಣ ಬಟ್ಟೆಯಿಂದ ಎರಡೂ ಕಡೆ ಒರೆಸಿ. ಕಲೆ ಹೋಗದಿದ್ದರೆ ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರೆಸಿಬಿಡಿ. ಚಾಕು, ಮರಳು ಕಾಗದ ಬಳಸಬೇಡಿ. ಲೋಹದ ಮೇಲಿನ ಲೇಪ ಕಿತ್ತುಹೋದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ.

ಒರೆಸಿದ ಮೇಲೆ ಫೋನನ್ನು ಒಂದು ಪೂರ್ತಿ ದಿನ ಚಾರ್ಜ್‌ಗೆ ಇಡಿ. ಮಾತಿನ ಅವಧಿ ಮೊದಲಿನಂತೆ ಬಂದರೆ ಬ್ಯಾಟರಿಗೆ ಖರ್ಚು ಮಾಡುವ ಅಗತ್ಯವೇ ಇಲ್ಲ. ಬ್ಯಾಟರಿ ಚಿಹ್ನೆ ಪೂರ್ತಿ ತೋರಿಸಿಯೂ ಕೆಲವೇ ನಿಮಿಷದಲ್ಲಿ ಖಾಲಿಯಾದರೆ ಬ್ಯಾಟರಿಯ ಆಯುಸ್ಸು ಮುಗಿದಿದೆ ಎಂದರ್ಥ. ಹ್ಯಾಂಡ್‌ಸೆಟ್ ಇಟ್ಟಾಗ ಚಾರ್ಜ್ ದೀಪವೇ ಹತ್ತದಿದ್ದರೆ ಅಡಾಪ್ಟರ್, ಪ್ಲಗ್ ಪಾಯಿಂಟ್ ನೋಡಿ.

ಮನೆಯಲ್ಲಿ ಮಲ್ಟಿಮೀಟರ್ ಇರುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಪೂರ್ತಿ ಚಾರ್ಜ್ ಆದ ಬಳಿಕ ಒಂದೊಂದೇ ಸೆಲ್ ಅಳೆದರೆ 1.3 ವೋಲ್ಟ್ ಆಸುಪಾಸು ತೋರಿಸಬೇಕು. 1 ವೋಲ್ಟ್‌ಗಿಂತ ಕಡಿಮೆ ತೋರಿಸುವ ಸೆಲ್ ಸತ್ತಿದೆ.

ಒಳಗಿರುವುದು ಯಾವ ಬ್ಯಾಟರಿ?

ಹ್ಯಾಂಡ್‌ಸೆಟ್‌ನ ಹಿಂದಿನ ಮುಚ್ಚಳ ಜಾರಿಸಿದರೆ ಎರಡರಲ್ಲಿ ಒಂದು ಕಾಣುತ್ತದೆ. ಈಚಿನ ಹೆಚ್ಚಿನ ಮಾದರಿಗಳಲ್ಲಿ ರಿಮೋಟ್‌ಗೆ ಹಾಕುವ ಗಾತ್ರದ ಎರಡು ಬಿಡಿ ಸೆಲ್‌ಗಳಿರುತ್ತವೆ. ಹಳೆಯ ಮಾದರಿಗಳಲ್ಲಿ ಎರಡು ಅಥವಾ ಮೂರು ಸೆಲ್‌ಗಳನ್ನು ಒಟ್ಟಿಗೆ ಸುತ್ತಿ, ಕೆಂಪು ಮತ್ತು ಕಪ್ಪು ವೈರ್ ಹಾಗೂ ಪುಟ್ಟ ಪ್ಲಗ್ ಜೋಡಿಸಿದ ಪ್ಯಾಕ್ ಇರುತ್ತದೆ.

ಹೊರಗೆ ಒಂದೇ ತರಹ ಕಂಡರೂ ಒಳಗಿನ ರಸಾಯನ ಬೇರೆ ಬೇರೆ.

ನಿಕಲ್ ಕ್ಯಾಡ್ಮಿಯಂ: 1899ರಲ್ಲಿ ಸ್ವೀಡನ್‌ನ ವಾಲ್ಡೆಮಾರ್ ಯುಂಗ್ನರ್ ರೂಪಿಸಿದ ಬ್ಯಾಟರಿ. ಹಳೆಯ ಕಾರ್ಡ್‌ಲೆಸ್ ಫೋನ್‌ಗಳಲ್ಲಿ ಇರುತ್ತಿದ್ದುದು ಇದೇ. ಕ್ಯಾಡ್ಮಿಯಂ ವಿಷಕಾರಿ ಲೋಹವಾದ್ದರಿಂದ ಬಳಕೆ ಕಡಿಮೆಯಾಗಿದೆ.

ನಿಕಲ್ ಮೆಟಲ್ ಹೈಡ್ರೈಡ್: ಇಂದಿನ ಹೆಚ್ಚಿನ ಕಾರ್ಡ್‌ಲೆಸ್ ಫೋನ್‌ಗಳಲ್ಲಿ ಇರುವುದು ಇದು. ಲೇಬಲ್ ಮೇಲೆ ಎನ್‌ಐ-ಎಂಎಚ್ ಎಂದು ಬರೆದಿರುತ್ತದೆ.

ಲಿಥಿಯಂ ಅಯಾನ್: ಕೆಲವೇ ಮಾದರಿಗಳಲ್ಲಿ ಇರುತ್ತದೆ. ಮೊಬೈಲ್ ಬ್ಯಾಟರಿಯಂತೆ ಚಪ್ಪಟೆಯಾಗಿದ್ದು, 3.7 ವೋಲ್ಟ್ ಎಂದು ನಮೂದಾಗಿರುತ್ತದೆ.

ಬಿಡಿ ಸೆಲ್‌ಗಳ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಂಕೇತ ಇರುತ್ತದೆ. ಅಂಗಡಿಯವರು ಏನೇ ಹೇಳಲಿ, ಇದನ್ನು ನೋಡಿದರೆ ಮೋಸ ಹೋಗುವುದಿಲ್ಲ. ಎಚ್‌ಆರ್03 ಎಂದಿದ್ದರೆ ಅದು ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್. ಕೆಆರ್03 ಎಂದಿದ್ದರೆ ನಿಕಲ್ ಕ್ಯಾಡ್ಮಿಯಂ. ಎಲ್‌ಆರ್03 ಎಂದರೆ ಆಲ್ಕಲೈನ್, ಬರೀ ಆರ್03 ಎಂದರೆ ಸಾಮಾನ್ಯ ಜಿಂಕ್ ಸೆಲ್. ಕೊನೆಯ ಎರಡು ಕಾರ್ಡ್‌ಲೆಸ್ ಫೋನ್‌ಗೆ ಸಲ್ಲವು.

ರಿಮೋಟ್ ಸೆಲ್ ಹಾಕಿದರೆ ಏನಾಗುತ್ತದೆ?

ಗಾತ್ರ ಒಂದೇ ಆದ್ದರಿಂದ ರಿಮೋಟ್ ಸೆಲ್ ಸಲೀಸಾಗಿ ಕೂರುತ್ತದೆ. ಫೋನ್ ಆನ್ ಕೂಡ ಆಗುತ್ತದೆ. ತೊಂದರೆ ಶುರುವಾಗುವುದು ಹ್ಯಾಂಡ್‌ಸೆಟ್ಟನ್ನು ಬೇಸ್ ಮೇಲೆ ಇಟ್ಟಾಗ.

ಬೇಸ್‌ಗೆ ಒಳಗಿರುವುದು ಯಾವ ಸೆಲ್ ಎಂಬುದು ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಅದು ಕರೆಂಟ್ ಹರಿಸುತ್ತಲೇ ಹೋಗುತ್ತದೆ. ರೀಚಾರ್ಜ್‌ಗಾಗಿ ಮಾಡದ ಸೆಲ್‌ನಲ್ಲಿ ಇದರಿಂದ ಅನಿಲ ಉಂಟಾಗಿ ಒತ್ತಡ ಏರುತ್ತದೆ. ಕೊನೆಗೆ ಸೆಲ್ ಸೋರುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಆಲ್ಕಲೈನ್ ಸೆಲ್ ಒಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಸುಡುವ ಕ್ಷಾರ. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಕಿವಿಗೆ ಹಿಡಿದು ಮಾತಾಡುವ ವಸ್ತುವಿನಲ್ಲಿ ಇಂಥ ಸೆಲ್ ಇರಬಾರದು.

ಸೋರಿದ ಸೆಲ್ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಕೈಗೆ ಪ್ಲಾಸ್ಟಿಕ್ ಕವರ್ ಅಥವಾ ಗ್ಲೌಸ್ ಹಾಕಿ ಹೊರತೆಗೆಯಿರಿ. ಬಿಳಿ ಪುಡಿ ಕಟ್ಟಿದ ಜಾಗವನ್ನು ನಿಂಬೆರಸ ಅಥವಾ ವಿನೆಗರ್ ಸ್ವಲ್ಪವೇ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ನಂತರ ನೀರಿನ ಪಸೆಯ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಕಣ್ಣಿಗೆ ತಾಗಿದರೆ ಕೂಡಲೇ ನಲ್ಲಿ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ವೈದ್ಯರ ಬಳಿ ಹೋಗಿ.

ಖರೀದಿಗೆ ಮುನ್ನ ಈ ಮೂರು ನೋಡಿ

ಮೊದಲನೆಯದು ರಸಾಯನ. ಹಳೆಯದರ ಮೇಲೆ ಏನಿದೆಯೋ ಅದನ್ನೇ ತನ್ನಿ. ನಿಕಲ್ ಮೆಟಲ್ ಹೈಡ್ರೈಡ್ ಜಾಗಕ್ಕೆ ಲಿಥಿಯಂ ಹಾಕುವಂತಿಲ್ಲ. ಯುಎಸ್‌ಬಿ ಕೇಬಲ್‌ನಿಂದ ಚಾರ್ಜ್ ಮಾಡುವ 1.5 ವೋಲ್ಟ್‌ನ ಲಿಥಿಯಂ ಸೆಲ್‌ಗಳೂ ಈಗ ಮಾರುಕಟ್ಟೆಯಲ್ಲಿವೆ. ಅವೂ ಕಾರ್ಡ್‌ಲೆಸ್ ಫೋನ್‌ಗೆ ಬೇಡ. ಫೋನ್ ಹಳೆಯದಾಗಿದ್ದು ನಿಕಲ್ ಕ್ಯಾಡ್ಮಿಯಂ ಸಿಗದಿದ್ದರೆ, ಕೈಪಿಡಿಯಲ್ಲಿ ಒಪ್ಪಿಗೆ ಇದೆಯೇ ನೋಡಿ ನಂತರವೇ ನಿಕಲ್ ಮೆಟಲ್ ಹೈಡ್ರೈಡ್ ಹಾಕಿ.

ಎರಡನೆಯದು ವೋಲ್ಟೇಜ್. ನಿಕಲ್ ಸೆಲ್ ಒಂದಕ್ಕೆ 1.2 ವೋಲ್ಟ್. ಎರಡು ಸೆಲ್‌ನ ಪ್ಯಾಕ್ 2.4 ವೋಲ್ಟ್, ಮೂರು ಸೆಲ್‌ನದು 3.6 ವೋಲ್ಟ್. ಇದು ಹಳೆಯದಕ್ಕೆ ಸರಿಯಾಗಿ ಹೊಂದಲೇಬೇಕು. ಒಂದು ಸೆಲ್ ಹೆಚ್ಚಿರುವ ಪ್ಯಾಕ್ ಹಾಕಿದರೆ ಜಾಸ್ತಿ ಹೊತ್ತು ಬರುತ್ತದೆ ಎಂಬುದು ತಪ್ಪು ಲೆಕ್ಕ.

ಮೂರನೆಯದು ಸಾಮರ್ಥ್ಯ. ಇದನ್ನು ಎಂಎಎಚ್, ಅಂದರೆ ಮಿಲಿ ಆಂಪಿಯರ್ ಅವರ್ ಲೆಕ್ಕದಲ್ಲಿ ಬರೆಯುತ್ತಾರೆ. ಫೋನ್ ಜೊತೆ ಬರುವ ಸಣ್ಣ ಸೆಲ್‌ಗಳಲ್ಲಿ 400ರಿಂದ 800ರವರೆಗೆ ಇರುವುದು ಸಾಮಾನ್ಯ. ಇದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ನಡೆಯುತ್ತದೆ. ಹೆಚ್ಚು ಸಾಮರ್ಥ್ಯದ ಸೆಲ್ ಹೆಚ್ಚು ಹೊತ್ತು ಮಾತಾಡಿಸುತ್ತದೆ, ಚಾರ್ಜ್ ಆಗಲೂ ಅಷ್ಟೇ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ.

ಇಲ್ಲೊಂದು ಎಚ್ಚರಿಕೆ. ರಿಮೋಟ್ ಗಾತ್ರದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ನಲ್ಲಿ ಹಿಡಿಸುವುದೇ ಸುಮಾರು 1,100 ಎಂಎಎಚ್‌ವರೆಗೆ. ಅದೇ ಗಾತ್ರದ ಸೆಲ್ ಮೇಲೆ 2,000 ಅಥವಾ 3,000 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಎಲ್ಲಿ ಸಿಗುತ್ತದೆ?

ಬಿಡಿ ಸೆಲ್‌ಗಳು ಆನ್‌ಲೈನ್‌ನಲ್ಲಿ, ಕ್ಯಾಮೆರಾ ಮತ್ತು ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತವೆ. ವೈರ್ ಇರುವ ಹಳೆಯ ಪ್ಯಾಕ್ ಹುಡುಕುವುದೇ ಕಷ್ಟ. ಅದಕ್ಕೆ ಮುಂಬೈನವರು ಲ್ಯಾಮಿಂಗ್ಟನ್ ರೋಡ್, ಪುಣೆಯವರು ಬುಧವಾರ ಪೇಠೆ, ಚೆನ್ನೈನವರು ರಿಚಿ ಸ್ಟ್ರೀಟ್, ಹೈದರಾಬಾದ್‌ನವರು ಕೋಟಿಯ ಗುಜರಾತಿ ಗಲ್ಲಿ, ದೆಹಲಿಯವರು ಚಾಂದನಿ ಚೌಕ್‌ನ ಲಜಪತ್ ರಾಯ್ ಮಾರ್ಕೆಟ್‌ನಲ್ಲಿ ವಿಚಾರಿಸಬಹುದು. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡ್ ಇದ್ದೇ ಇದೆ. ಹೋಗುವಾಗ ಹಳೆಯ ಪ್ಯಾಕ್ಕನ್ನೇ ಜೊತೆಗೆ ಒಯ್ಯಿರಿ.

ಪ್ಯಾಕ್ ಕೊಳ್ಳುವಾಗ ಪ್ಲಗ್‌ನ ಆಕಾರದ ಜೊತೆಗೆ ಕೆಂಪು ಮತ್ತು ಕಪ್ಪು ವೈರ್ ಯಾವ ಬದಿಯಲ್ಲಿವೆ ಎಂಬುದನ್ನೂ ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಒಂದೇ ಆಕಾರದ ಪ್ಲಗ್‌ನಲ್ಲಿ ವೈರ್ ಅದಲುಬದಲಾಗಿ ಇರುವುದುಂಟು. ಉಲ್ಟಾ ಸಿಕ್ಕಿಸಿದರೆ ಫೋನ್‌ನ ಸರ್ಕ್ಯೂಟ್ ಸುಡಬಹುದು. ಪ್ಯಾಕ್ ಸಿಗದೇ ಹೋದರೆ ರಿಪೇರಿ ಅಂಗಡಿಯಲ್ಲಿ ಲೋಹದ ಪಟ್ಟಿ ಬೆಸೆದಿರುವ ಸೆಲ್‌ಗಳಿಂದ ಕಟ್ಟಿಸಿಕೊಳ್ಳಬಹುದು. ಸೆಲ್‌ನ ಮೈಗೇ ನೇರವಾಗಿ ಸೋಲ್ಡರಿಂಗ್ ಮಾಡಲು ಬಿಡಬೇಡಿ. ಆ ಬಿಸಿಗೆ ಸೆಲ್‌ನ ಒಳಗಿನ ಸೀಲ್ ಹಾಳಾಗುತ್ತದೆ.

ಬದಲಿಸುವ ಕ್ರಮ

1. ಹ್ಯಾಂಡ್‌ಸೆಟ್ ಆಫ್ ಮಾಡಿ. ಹಿಂದಿನ ಮುಚ್ಚಳವನ್ನು ಬಾಣದ ಗುರುತಿನ ಕಡೆ ಒತ್ತಿ ಜಾರಿಸಿ.

2. ಹಳೆಯ ಬ್ಯಾಟರಿ ಕೂತಿರುವ ರೀತಿಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ.

3. ಬಿಡಿ ಸೆಲ್ ಆದರೆ ಸ್ಪ್ರಿಂಗ್ ಇರುವ ಬದಿಯಿಂದ ಎತ್ತಿ. ಪ್ಯಾಕ್ ಆದರೆ ವೈರ್ ಎಳೆಯದೆ ಪ್ಲಗ್ಗನ್ನೇ ಹಿಡಿದು ಬಿಡಿಸಿ.

4. ಒಳಗಿನ ಸ್ಪ್ರಿಂಗ್, ಲೋಹದ ಪಟ್ಟಿಗಳನ್ನು ಒಣ ಬಟ್ಟೆಯಿಂದ ಒರೆಸಿ.

5. ಪ್ಲಸ್, ಮೈನಸ್ ಗುರುತು ನೋಡಿ ಹೊಸದನ್ನು ಕೂರಿಸಿ. ಸ್ಪ್ರಿಂಗ್ ಕಡೆಗೆ ಸಾಮಾನ್ಯವಾಗಿ ಮೈನಸ್ ಬರುತ್ತದೆ. ವೈರ್ ಮುಚ್ಚಳಕ್ಕೆ ಸಿಕ್ಕದಂತೆ ಒಳಗೆ ಮಡಚಿ.

6. ಮುಚ್ಚಳ ಹಾಕಿ. ತಕ್ಷಣ ಮಾತಾಡಲು ಹೋಗದೆ ಚಾರ್ಜ್‌ಗೆ ಇಡಿ.

7. ದಿನಾಂಕ, ಸಮಯ ಅಳಿಸಿಹೋಗಿದ್ದರೆ ಮತ್ತೆ ಹೊಂದಿಸಿ. ಬೇಸ್ ಹುಡುಕುತ್ತಿದೆ ಎಂಬ ಸಂದೇಶ ಬಹಳ ಹೊತ್ತು ಬಂದರೆ, ಕೈಪಿಡಿಯಲ್ಲಿ ಹೇಳಿದಂತೆ ಹ್ಯಾಂಡ್‌ಸೆಟ್ಟನ್ನು ಬೇಸ್ ಜೊತೆ ಮರುನೋಂದಣಿ ಮಾಡಿ.

ಒಂದು ಸೆಲ್ ಮಾತ್ರ ಬದಲಿಸಿ ಇನ್ನೊಂದು ಹಳೆಯದನ್ನೇ ಇಡುವುದು ಉಳಿತಾಯದಂತೆ ಕಂಡರೂ ನಷ್ಟವೇ. ಹಳೆಯದು ಮೊದಲು ಖಾಲಿಯಾದ ಮೇಲೂ ಹೊಸದು ಅದರ ಮೂಲಕ ಕರೆಂಟ್ ತಳ್ಳುತ್ತಲೇ ಇರುತ್ತದೆ. ಹಳೆಯದು ಪೂರ್ತಿ ಕೆಡುತ್ತದೆ, ಹೊಸದೂ ಬೇಗ ಸೊರಗುತ್ತದೆ. ಒಂದು ಹ್ಯಾಂಡ್‌ಸೆಟ್‌ನ ಎಲ್ಲ ಸೆಲ್‌ಗಳೂ ಒಂದೇ ಬ್ರ್ಯಾಂಡ್, ಒಂದೇ ಸಾಮರ್ಥ್ಯ, ಒಟ್ಟಿಗೆ ಕೊಂಡವು ಆಗಿರಲಿ.

ಮೊದಲ ಚಾರ್ಜ್: ಎಷ್ಟು ಗಂಟೆ?

ಹೊಸ ಬ್ಯಾಟರಿಯಲ್ಲಿ ಅಲ್ಪಸ್ವಲ್ಪ ಚಾರ್ಜ್ ಇರುತ್ತದೆ. ಪರದೆಯ ಮೇಲಿನ ಬ್ಯಾಟರಿ ಚಿಹ್ನೆ ಕೂಡಲೇ ಫುಲ್ ಎಂದು ತೋರಿಸಲೂಬಹುದು. ಅದನ್ನು ನಂಬಬೇಡಿ. ಫೋನ್ ಹೊಸ ಬ್ಯಾಟರಿಯ ಅಂದಾಜು ಹಿಡಿಯಲು ಒಂದು ಪೂರ್ತಿ ಚಾರ್ಜ್ ಬೇಕು.

ಕೈಪಿಡಿಯಲ್ಲಿ ಹೇಳಿದ ಅವಧಿಯೇ ಅಂತಿಮ. ಮಾದರಿಗೆ ತಕ್ಕಂತೆ ಅದು 7 ಗಂಟೆಯೂ ಇರಬಹುದು, 16 ಗಂಟೆಯೂ ಇರಬಹುದು. ಕೈಪಿಡಿ ಕಳೆದುಹೋಗಿದ್ದರೆ ಸರಳ ಲೆಕ್ಕವೊಂದಿದೆ. ಬ್ಯಾಟರಿಯ ಎಂಎಎಚ್ ಸಂಖ್ಯೆಯನ್ನು ಬೇಸ್ ಕೊಡುವ ಚಾರ್ಜಿಂಗ್ ಕರೆಂಟ್‌ನಿಂದ ಭಾಗಿಸಿ, 1.4ರಿಂದ ಗುಣಿಸಬೇಕು. ಚಾರ್ಜ್ ಆಗುವಾಗ ಸ್ವಲ್ಪ ಶಕ್ತಿ ಬಿಸಿಯಾಗಿ ಪೋಲಾಗುವುದರಿಂದ ಈ 1.4. ಉದಾಹರಣೆಗೆ 600 ಎಂಎಎಚ್ ಬ್ಯಾಟರಿಗೆ ಬೇಸ್ 60 ಮಿಲಿ ಆಂಪಿಯರ್ ಕೊಟ್ಟರೆ 14 ಗಂಟೆ. ಅದೇ ಬೇಸ್ ಮೇಲೆ 1,000 ಎಂಎಎಚ್ ಬ್ಯಾಟರಿ ಇಟ್ಟರೆ ಸುಮಾರು 23 ಗಂಟೆ. ದೊಡ್ಡ ಬ್ಯಾಟರಿ ಹಾಕಿಯೂ ಫಲ ಕಾಣಲಿಲ್ಲ ಎನ್ನುವವರು ಎಡವುವುದು ಇಲ್ಲೇ. ಎಂಟು ಗಂಟೆಗೇ ಎತ್ತಿಕೊಂಡರೆ ಅದು ಅರ್ಧದಷ್ಟೂ ತುಂಬಿರುವುದಿಲ್ಲ.

ಚಾರ್ಜಿಂಗ್ ಕರೆಂಟ್ ಗೊತ್ತಿಲ್ಲದಿದ್ದರೆ ಸುಲಭದ ದಾರಿ, ರಾತ್ರಿ ಇಟ್ಟು ಮರುದಿನ ಮಧ್ಯಾಹ್ನ ತೆಗೆಯುವುದು. ಮೊದಲ ಎರಡು ಮೂರು ಸಲ ಚಾರ್ಜ್ ಆಗಿ ಖಾಲಿಯಾದ ಮೇಲೆಯೇ ಹೊಸ ಬ್ಯಾಟರಿ ಪೂರ್ತಿ ಸಾಮರ್ಥ್ಯಕ್ಕೆ ಬರುತ್ತದೆ. ಮೊದಲ ದಿನದ ಮಾತಿನ ಅವಧಿ ನೋಡಿ ಬೇಸರಪಡಬೇಡಿ.

ಚಾರ್ಜ್ ಆಗುವಾಗ ಹ್ಯಾಂಡ್‌ಸೆಟ್ ಉಗುರುಬೆಚ್ಚಗೆ ಇರುವುದು ಸಹಜ. ಕೈ ಇಡಲಾಗದಷ್ಟು ಬಿಸಿಯಾದರೆ, ಬ್ಯಾಟರಿ ಉಬ್ಬಿದರೆ, ವಾಸನೆ ಬಂದರೆ ಕೂಡಲೇ ಪ್ಲಗ್ ತೆಗೆಯಿರಿ.

ದಿನವಿಡೀ ಬೇಸ್ ಮೇಲೆ ಇಡಬಹುದೇ?

ಇಡಬಹುದು. ಈಚಿನ ಕಾರ್ಡ್‌ಲೆಸ್ ಫೋನ್‌ಗಳನ್ನು ಮಾಡಿರುವುದೇ ಹಾಗೆ. ಬ್ಯಾಟರಿ ತುಂಬಿದ ಮೇಲೆ ಬೇಸ್ ಸಣ್ಣ ಪ್ರಮಾಣದ ಕರೆಂಟ್ ಮಾತ್ರ ಕೊಡುತ್ತದೆ. ಆದರೂ ವರ್ಷಗಟ್ಟಲೆ ಬೆಚ್ಚಗೆ ಕೂತಿರುವುದರಿಂದ ಸೆಲ್ ನಿಧಾನಕ್ಕೆ ಸವೆಯುತ್ತದೆ. ಬೇಸ್ಸನ್ನು ಬಿಸಿಲು ಬೀಳುವ ಕಿಟಕಿ, ಟಿವಿ ಮೇಲ್ಭಾಗ, ಅಡುಗೆಮನೆಯ ಒಲೆಯಿಂದ ದೂರ ಇಡುವುದೇ ಆಯುಸ್ಸು ಹೆಚ್ಚಿಸುವ ಅತ್ಯಂತ ಅಗ್ಗದ ಉಪಾಯ.

ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್ ಮಾಡಬೇಕು ಎಂಬ ಮಾತು ನಿಕಲ್ ಕ್ಯಾಡ್ಮಿಯಂ ಕಾಲದ್ದು. ಪ್ರತಿ ಸಲ ಸ್ವಲ್ಪವೇ ಬಳಸಿ ಮತ್ತೆ ತುಂಬಿಸಿದರೆ ಆ ಬ್ಯಾಟರಿಗಳ ವೋಲ್ಟೇಜ್ ಬೇಗ ಕುಸಿಯುವುದಿತ್ತು. ನಿಕಲ್ ಮೆಟಲ್ ಹೈಡ್ರೈಡ್‌ನಲ್ಲಿ ಈ ತೊಂದರೆ ತೀರಾ ಕಡಿಮೆ. ಬದಲಿಗೆ ಸೆಲ್ ಪೂರ್ತಿ ಬತ್ತುವವರೆಗೆ ಬಿಟ್ಟರೆ ಹಾನಿಯೇ ಹೆಚ್ಚು. ಬೀಪ್ ಬಂದ ಕೂಡಲೇ ಚಾರ್ಜ್‌ಗೆ ಇಟ್ಟರೆ ಸಾಕು.

ತಿಂಗಳುಗಟ್ಟಲೆ ಊರಿಗೆ ಹೋಗುವಾಗ ಬೇಸ್‌ನ ಪ್ಲಗ್ ತೆಗೆಯುವವರು ಹ್ಯಾಂಡ್‌ಸೆಟ್‌ನಿಂದ ಬ್ಯಾಟರಿಯನ್ನೂ ತೆಗೆದಿಡಬೇಕು. ಇಲ್ಲದಿದ್ದರೆ ಹ್ಯಾಂಡ್‌ಸೆಟ್ ಕಾಣೆಯಾದ ಬೇಸ್‌ಗಾಗಿ ಹುಡುಕುತ್ತಲೇ ಇದ್ದು ಬ್ಯಾಟರಿ ಬತ್ತಿಸುತ್ತದೆ. ಸುಮ್ಮನೆ ಇಟ್ಟ ಮಾಮೂಲಿ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಕೂಡ ತಾನಾಗಿಯೇ ಚಾರ್ಜ್ ಕಳೆದುಕೊಳ್ಳುತ್ತದೆ. ಮರಳಿ ಬಂದ ಮೇಲೆ ಮೊದಲ ದಿನದಂತೆ ಪೂರ್ತಿ ಚಾರ್ಜ್ ಮಾಡಿ.

ಕರೆಂಟ್ ಹೋದರೆ ಕಾರ್ಡ್‌ಲೆಸ್ ಫೋನ್ ಮೌನ

ಹೊಸ ಬ್ಯಾಟರಿ ಹಾಕಿದ ಮೇಲೂ ಅನೇಕರಿಗೆ ತಿಳಿಯದ ಒಂದು ಮಿತಿ ಇದೆ. ಬ್ಯಾಟರಿ ಇರುವುದು ಹ್ಯಾಂಡ್‌ಸೆಟ್‌ನಲ್ಲಿ ಮಾತ್ರ. ಬೇಸ್ ನಡೆಯುವುದು ಮನೆಯ ಕರೆಂಟ್‌ನಿಂದ. ಕರೆಂಟ್ ಹೋದ ಕ್ಷಣ ಬೇಸ್ ಆಫ್ ಆಗುತ್ತದೆ. ಹ್ಯಾಂಡ್‌ಸೆಟ್ ತುಂಬಿ ತುಳುಕುತ್ತಿದ್ದರೂ ಕರೆ ಹೋಗುವುದಿಲ್ಲ. ಕೆಲವು ಮಾದರಿಗಳಲ್ಲಿ ಮಾತ್ರ ಚಾರ್ಜ್ ಆದ ಹ್ಯಾಂಡ್‌ಸೆಟ್ಟನ್ನು ಬೇಸ್ ಮೇಲೆ ಇಟ್ಟರೆ ಅದೇ ಬೇಸ್‌ಗೆ ಶಕ್ತಿ ಕೊಡುವ ವ್ಯವಸ್ಥೆ ಇರುತ್ತದೆ.

ಹಳೆಯ ತಾಮ್ರದ ತಂತಿಯ ಲೈನ್ ಇರುವ ಮನೆಗಳಿಗೆ ಪರಿಹಾರ ಸುಲಭ. ಟೆಲಿಫೋನ್ ಎಕ್ಸ್‌ಚೇಂಜ್‌ನಿಂದಲೇ ತಂತಿಯ ಮೂಲಕ ಸುಮಾರು 48 ವೋಲ್ಟ್ ಬರುವುದರಿಂದ ವೈರ್ ಇರುವ ಮಾಮೂಲಿ ಫೋನ್ ಕರೆಂಟ್ ಇಲ್ಲದೆಯೂ ನಡೆಯುತ್ತದೆ. ಅಂಥದ್ದೊಂದನ್ನು ಜೋಡಿಸಿಟ್ಟಿರಿ. ಫೈಬರ್ ಸಂಪರ್ಕವಾದರೆ ಈ ಉಪಾಯ ಸಾಲದು. ಫೈಬರ್ ಪೆಟ್ಟಿಗೆಗೂ ಕರೆಂಟ್ ಬೇಕು. ಆ ಪೆಟ್ಟಿಗೆ, ರೂಟರ್ ಹಾಗೂ ಕಾರ್ಡ್‌ಲೆಸ್ ಬೇಸ್ ಮೂರನ್ನೂ ಇನ್ವರ್ಟರ್ ಅಥವಾ ಯುಪಿಎಸ್‌ಗೆ ಸೇರಿಸಬೇಕು. ಹಿರಿಯರು ಒಬ್ಬರೇ ಇರುವ ಮನೆಯಲ್ಲಿ ರಾತ್ರಿ ಕರೆಂಟ್ ಹೋದಾಗ 112ಕ್ಕೆ ಅಥವಾ ಪಕ್ಕದ ಮನೆಗೆ ಕರೆ ಮಾಡಲು ದಾರಿ ಇರಬೇಕಲ್ಲವೇ? ಒಂದು ದಿನ ಮೇನ್ ಸ್ವಿಚ್ ಆಫ್ ಮಾಡಿ ಕರೆ ಹೋಗುತ್ತದೆಯೇ ಎಂದು ಪರೀಕ್ಷಿಸಿ ನೋಡಿ.

ಊರಲ್ಲಿರುವ ಅಪ್ಪ–ಅಮ್ಮನಿಗೆ ದೂರದಿಂದಲೇ ನೆರವು

ಮಕ್ಕಳು ಪುಣೆಯಲ್ಲೋ ದೆಹಲಿಯಲ್ಲೋ ಇದ್ದು, ಅಪ್ಪ–ಅಮ್ಮ ಧಾರವಾಡ ಅಥವಾ ಮೈಸೂರಿನ ಮನೆಯಲ್ಲಿದ್ದರೆ ಈ ಕೆಲಸವನ್ನು ದೂರದಿಂದಲೇ ಮಾಡಿಸಬಹುದು. ಹ್ಯಾಂಡ್‌ಸೆಟ್ ಹಿಂಭಾಗ ಮತ್ತು ಬ್ಯಾಟರಿಯ ಲೇಬಲ್‌ನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಳ್ಳಿ. ಮೂರು ವಿಷಯ ಹೊಂದಿಸಿ ಆನ್‌ಲೈನ್‌ನಲ್ಲಿ ಅವರ ವಿಳಾಸಕ್ಕೆ ಕಳಿಸಿ. ಬ್ಯಾಟರಿ ತಲುಪಿದ ದಿನ ವಿಡಿಯೊ ಕರೆಯಲ್ಲಿ ಪ್ಲಸ್, ಮೈನಸ್ ಗುರುತು ತೋರಿಸಿ ಹೇಳಿ. ಮರುದಿನ ಮಧ್ಯಾಹ್ನದವರೆಗೆ ಬೇಸ್‌ನಿಂದ ತೆಗೆಯಬಾರದು ಎಂಬುದನ್ನು ಎರಡು ಸಲ ಹೇಳಿ. ಹಾಕಿದ ತಿಂಗಳು, ವರ್ಷವನ್ನು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಲು ತಿಳಿಸಿ. ಎರಡು ವರ್ಷ ದಾಟಿದ ಮೇಲೆ ಮಾತು ಬೇಗ ಕಟ್ ಆಗತೊಡಗಿದರೆ ಕಾರಣ ಹುಡುಕುವ ಕೆಲಸ ತಪ್ಪುತ್ತದೆ.

ಹಳೆಯ ಬ್ಯಾಟರಿ ಕಸದ ಬುಟ್ಟಿಗೆ ಬೇಡ

ಬ್ಯಾಟರಿಯ ಮೇಲೆ ಅಡ್ಡಗೆರೆ ಎಳೆದ ಕಸದ ತೊಟ್ಟಿಯ ಚಿತ್ರ ಇದ್ದರೆ ಮನೆಯ ಮಾಮೂಲಿ ಕಸದೊಂದಿಗೆ ಹಾಕಬಾರದು ಎಂದರ್ಥ. ಕೆಳಗೆ ಸಿಡಿ ಎಂಬ ಅಕ್ಷರಗಳಿದ್ದರೆ ಒಳಗೆ ಕ್ಯಾಡ್ಮಿಯಂ ಇದೆ. ಇದು ಮಣ್ಣು, ನೀರಿಗೆ ಸೇರಿ ದೇಹ ಹೊಕ್ಕರೆ ಮುಖ್ಯವಾಗಿ ಮೂತ್ರಪಿಂಡಕ್ಕೆ ಹಾನಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2001ರ ಹಳೆಯ ನಿಯಮಗಳ ಜಾಗಕ್ಕೆ ಬಂದಿದ್ದು, ಇಂಥ ಸಣ್ಣ ಬ್ಯಾಟರಿಗಳಿಗೂ ಅನ್ವಯಿಸುತ್ತವೆ. ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ಅವು ಉತ್ಪಾದಕರ ಮೇಲೆ ಹೊರಿಸಿವೆ.

ಗ್ರಾಹಕರು ಮಾಡಬೇಕಾದದ್ದು ಇಷ್ಟೇ. ಎರಡೂ ತುದಿಗೆ ಟೇಪ್ ಅಂಟಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಟ್ಟು, ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಅಥವಾ ಹಳೆಯ ಬ್ಯಾಟರಿ ತೆಗೆದುಕೊಳ್ಳುವ ಅಂಗಡಿಗೆ ಕೊಡಬೇಕು. ಸುಡಬಾರದು, ಬಿಚ್ಚಬಾರದು, ಮಕ್ಕಳ ಕೈಗೆ ಸಿಗಬಾರದು.

ನೆನಪಿಡಬೇಕಾದ್ದು

* ಮೊದಲು ಲೋಹದ ಪಟ್ಟಿ ಒರೆಸಿ ನೋಡಿ, ನಂತರ ಬ್ಯಾಟರಿ ಕೊಳ್ಳಿ.
* ರೀಚಾರ್ಜ್ ಆಗುವ ಸೆಲ್ ಮಾತ್ರ ಹಾಕಿ. ರಿಮೋಟ್ ಸೆಲ್ ಬೇಡವೇ ಬೇಡ.
* ರಸಾಯನ, ವೋಲ್ಟೇಜ್ ಹಳೆಯದರಂತೆಯೇ ಇರಲಿ. ಸಾಮರ್ಥ್ಯ ಸ್ವಲ್ಪ ಹೆಚ್ಚುಕಡಿಮೆ ಆದರೆ ಪರವಾಗಿಲ್ಲ.
* ಎಲ್ಲ ಸೆಲ್‌ಗಳನ್ನೂ ಒಟ್ಟಿಗೆ ಬದಲಿಸಿ.
* ಮೊದಲ ಚಾರ್ಜ್ ಪೂರ್ತಿ ಆಗುವವರೆಗೆ ಫೋನ್ ಎತ್ತಬೇಡಿ.
* ಕರೆಂಟ್ ಹೋದಾಗಿನ ಕರೆಗೆ ಬದಲಿ ವ್ಯವಸ್ಥೆ ಇಟ್ಟುಕೊಳ್ಳಿ.